ನೋವು ಇಳಿದ ಮಧ್ಯಾಹ್ನ

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕಿನ ಒಂದು ಹಳ್ಳಿ. ತಂದೆಗೆ 61 ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಬೀಡಿಯ ಅಭ್ಯಾಸವೂ ಇದೆ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುತ್ತಿದ್ದರು. ಒಂದು ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ಚೂರಿ ಹಾಕಿದಂಥ ನೋವು ಬಂತು. ಗ್ಯಾಸ್ ಎಂದುಕೊಂಡು ಓಮದ ಕಷಾಯ ಕೊಟ್ಟೆವು. ಎಂಟು ಗಂಟೆಗೆ ಹತ್ತಿರದ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸಿದೆವು. ಹನ್ನೊಂದರ ಹೊತ್ತಿಗೆ ನೋವು ಬಹಳ ಇಳಿಯಿತು. ಮಧ್ಯಾಹ್ನ ಅಮ್ಮ ಕೊಟ್ಟ ಗಂಜಿ ಕುಡಿದು ಮಲಗಿದರು. ರಾತ್ರಿ ಹೊಟ್ಟೆ ಉಬ್ಬಿತು, ವಾಂತಿ, ಜ್ವರ ಶುರುವಾಯಿತು. ಸೋಮವಾರ ಬೆಳಿಗ್ಗೆ ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ ಜಠರದ ಬಳಿ ತೂತಾಗಿದೆ ಎಂದು ಮಧ್ಯಾಹ್ನವೇ ಆಪರೇಷನ್ ಮಾಡಿದರು. ಹೊಟ್ಟೆಯೊಳಗೆ ಅನ್ನದ ಅಗುಳು ಇತ್ತಂತೆ. ಆರು ದಿನ ಐಸಿಯು, ಒಟ್ಟು 19 ದಿನ ಆಸ್ಪತ್ರೆ. ಹೊಲಿಗೆ ಬಿಚ್ಚಿಕೊಂಡು ಕೀವಾಯಿತು. ಅದೇ ವಾರ ಚಿಕ್ಕಪ್ಪನ ಮಗನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಮೂರನೆಯ ದಿನ ಮನೆಗೆ ಬಂದ. ಎರಡೂ ಹೊಟ್ಟೆಯ ಆಪರೇಷನ್ನೇ ಆಗಿರುವಾಗ ಇಷ್ಟು ವ್ಯತ್ಯಾಸ ಏಕೆ? ತಡ ಮಾಡಿದ್ದು ನಮ್ಮ ತಪ್ಪೇ? ಗಂಜಿ ಕೊಟ್ಟದ್ದರಿಂದಲೇ ಹೀಗಾಯಿತೆಂದು ಅಮ್ಮ ಈಗಲೂ ಅಳುತ್ತಾರೆ. ಮುಂದೆ ನಾವು ಏನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಗಂಜಿಯ ವಿಷಯ ಮುಗಿಸೋಣ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಗಂಜಿಯಿಂದ ತೂತಾಗಲಿಲ್ಲ. ತೂತಾದದ್ದು ಬೆಳಗಿನ ಜಾವ ಎರಡು ಗಂಟೆಗೆ, ಅಮ್ಮ ಒಲೆ ಹಚ್ಚುವುದಕ್ಕೂ ಎಷ್ಟೋ ಮೊದಲು. ಗಂಜಿ ಆ ತೂತಿನಿಂದ ಹೊರಗೆ ಹರಿದದ್ದು ನಿಜ, ಅದರಿಂದ ಹೊಟ್ಟೆ ಇನ್ನಷ್ಟು ಹೊಲಸಾದದ್ದೂ ನಿಜ. ಆದರೆ ಅಷ್ಟು ಹೊತ್ತಿಗೆ ಆಮ್ಲ, ಪಿತ್ತರಸ, ಹಿಂದಿನ ರಾತ್ರಿಯ ಊಟ ಎಲ್ಲವೂ ಹತ್ತು ಗಂಟೆಗಳಿಂದ ಸೋರುತ್ತಿದ್ದವು. ಈ ಕರಾವಳಿಯಲ್ಲಿ ತೂತಾದ ಹೊಟ್ಟೆಯನ್ನು ತೆರೆದ ಶಸ್ತ್ರವೈದ್ಯರೆಲ್ಲರೂ ಕುಚ್ಚಲಕ್ಕಿಯ ಕೆಂಪು ಅಗುಳನ್ನು ಕಂಡವರೇ. ನಾನಂತೂ ಲೆಕ್ಕ ಬಿಟ್ಟಿದ್ದೇನೆ. ಹುಷಾರಿಲ್ಲದವರಿಗೆ ಗಂಜಿ ಕೊಡುವುದು ನಮ್ಮ ಮನೆಗಳ ಮೊದಲ ಔಷಧ. ನಿಮ್ಮ ಅಮ್ಮ ಮಾಡಿದ್ದನ್ನೇ ನನ್ನ ಅಮ್ಮನೂ ಮಾಡುತ್ತಿದ್ದರು.

ನಿಜವಾಗಿ ಮೋಸ ಮಾಡಿದ್ದು ಹನ್ನೊಂದು ಗಂಟೆಯ ಆ ಸಮಾಧಾನ. ಜಠರಕ್ಕೆ ಅಂಟಿಕೊಂಡೇ ಇರುವ ಸಣ್ಣ ಕರುಳಿನ ಮೊದಲ ತುಂಡಿನಲ್ಲಿ ಹುಣ್ಣಾಗಿ, ಅದು ಗೋಡೆಯನ್ನು ಕೊರೆದು ಆಚೆ ಬಂದಾಗ ಒಳಗಿನ ಆಮ್ಲ ನೇರವಾಗಿ ಉದರದ ಪೊರೆಯ, ಅಂದರೆ ಹೊಟ್ಟೆಯ ಒಳಗೋಡೆಗೆ ಹಾಸಿದ ತೆಳು ಪದರದ ಮೇಲೆ ಬೀಳುತ್ತದೆ. ಸುಟ್ಟ ಗಾಯಕ್ಕೆ ಸಮನಾದ ನೋವು ಅದು. ಅದಕ್ಕೇ ರೋಗಿ ಗಂಟೆ, ನಿಮಿಷ ಹೇಳಬಲ್ಲ. ನಿಮ್ಮ ತಂದೆ ‘ಎರಡು ಗಂಟೆಗೆ’ ಎಂದರಲ್ಲ, ಅಷ್ಟು ಖಚಿತವಾಗಿ ಶುರುವಾದ ನೋವು ಎಂಬುದೇ ಅರ್ಧ ರೋಗನಿರ್ಣಯ. ಅಜೀರ್ಣದ ನೋವಿಗೆ ಯಾರೂ ಗಡಿಯಾರ ನೋಡಿ ಸಮಯ ಹೇಳುವುದಿಲ್ಲ.

ಆಮೇಲೆ ಆರರಿಂದ ಹನ್ನೆರಡು ಗಂಟೆಗಳ ನಡುವೆ ದೇಹ ತನ್ನ ಕೆಲಸ ಮಾಡುತ್ತದೆ. ಉದರದ ಪೊರೆ ನೀರೊಸರಿ ಆ ಆಮ್ಲವನ್ನು ತೆಳುವಾಗಿಸುತ್ತದೆ. ಉರಿ ತಗ್ಗುತ್ತದೆ, ರೋಗಿ ಕಣ್ಣು ಬಿಟ್ಟು ಮಾತಾಡುತ್ತಾನೆ, ಮನೆಯವರ ಮುಖ ಅರಳುತ್ತದೆ. ಹಳೆಯ ಶಸ್ತ್ರಚಿಕಿತ್ಸಾ ಪಾಠಗಳಲ್ಲಿ ಇದನ್ನು ಭ್ರಮೆಯ ಹಂತ ಎಂದೇ ಕಲಿಸುತ್ತಿದ್ದರು. ತೂತು ಹಾಗೆಯೇ ಇರುತ್ತದೆ, ಸೋರುವುದೂ ನಿಂತಿರುವುದಿಲ್ಲ. ಹೊಟ್ಟೆಯನ್ನು ಕೈಯಿಂದ ಮುಟ್ಟಿದರೆ ಮಾತ್ರ ಅದು ಇನ್ನೂ ಬಿಗಿಯಾಗಿರುವುದು ತಿಳಿಯುತ್ತದೆ. ಮುಟ್ಟಿ ನೋಡುವವರು ಬೇಕು, ಅಷ್ಟೇ. ಹನ್ನೆರಡು ಗಂಟೆ ದಾಟಿದ ಮೇಲೆ ರೋಗಾಣುಗಳ ಸರದಿ. ಸೋರಿದ್ದೆಲ್ಲ ಕೀವಾಗತೊಡಗುತ್ತದೆ, ಕರುಳು ಚಲನೆ ನಿಲ್ಲಿಸುತ್ತದೆ, ಹೊಟ್ಟೆ ಉಬ್ಬುತ್ತದೆ, ನಾಡಿ ಓಡುತ್ತದೆ, ಮೂತ್ರ ಕಡಿಮೆಯಾಗುತ್ತದೆ. ನೀವು ಭಾನುವಾರ ರಾತ್ರಿ ಕಂಡದ್ದು ಇದನ್ನೇ. ಆಪರೇಷನ್ ಆದದ್ದು ಸುಮಾರು 34 ಗಂಟೆಗಳ ನಂತರ.

ಈಗ ಚಿಕ್ಕಪ್ಪನ ಮಗನ ಕಡೆ ನೋಡಿ. ಅಪೆಂಡಿಕ್ಸ್ ಒಂದು ಕಿರುಬೆರಳಿನಂಥ ಕುರುಡು ನಾಳ. ಅದು ಬಾತುಕೊಂಡಿದ್ದರೂ ಒಡೆದಿರಲಿಲ್ಲ ಎಂದರೆ ಸೋಂಕು ಇನ್ನೂ ಅದರ ಚೀಲದೊಳಗೇ ಇತ್ತು. ಚೀಲಸಮೇತ ತೆಗೆದು ಹೊರಗೆ ಹಾಕಿದರು, ಹೊಟ್ಟೆ ಸ್ವಚ್ಛವಾಗಿಯೇ ಉಳಿಯಿತು. ನಿಮ್ಮ ತಂದೆಯ ತೂತು ಬಹುಶಃ ಕೆಲವೇ ಮಿಲಿಮೀಟರಿನದು. ಅದನ್ನು ಮುಚ್ಚುವ ಕೆಲಸ ಅಪೆಂಡಿಕ್ಸ್ ತೆಗೆಯುವುದಕ್ಕಿಂತ ದೊಡ್ಡದೇನೂ ಅಲ್ಲ. ಹೊಟ್ಟೆಯೊಳಗೆ ಸೆರಗಿನಂತೆ ಇಳಿಬಿದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಪದರದ ಒಂದು ತುದಿಯನ್ನು ಎಳೆದು ತೂತಿನ ಮೇಲಿಟ್ಟು ಮೂರು ನಾಲ್ಕು ಹೊಲಿಗೆಯಲ್ಲಿ ಕಟ್ಟುತ್ತೇವೆ. 1937ರಲ್ಲಿ ಕೆನಡಾದ ರೋಸ್ಕೋ ಗ್ರಹಾಂ ಎಂಬ ಶಸ್ತ್ರವೈದ್ಯರು ವಿವರಿಸಿದ ವಿಧಾನಕ್ಕೆ ನಾವು ಇಂದಿಗೂ ಹೆಚ್ಚೇನೂ ಸೇರಿಸಿಲ್ಲ. ಹೊಲಿಗೆ ಹಾಕಲು ಹದಿನೈದು ನಿಮಿಷ ಸಾಕು. ಉಳಿದ ಹೊತ್ತೆಲ್ಲ ತೊಳೆಯುವುದರಲ್ಲೇ ಹೋಗುತ್ತದೆ. ಬೆಚ್ಚಗಿನ ಸಲೈನ್ ಲೀಟರುಗಟ್ಟಲೆ ಸುರಿದು, ಯಕೃತ್ತಿನ ಮೇಲೆ, ಗುಲ್ಮದ ಹಿಂದೆ, ಕರುಳಿನ ಮಡಿಕೆಗಳ ನಡುವೆ, ಕೆಳಗೆ ಕಿಬ್ಬೊಟ್ಟೆಯ ಗುಂಡಿಯಲ್ಲಿ ನಿಂತ ಹಸಿರು ಮಡ್ಡಿಯನ್ನು ಹೀರಿ ತೆಗೆಯುತ್ತೇವೆ. ನೀರು ತಿಳಿಯಾಗಿ ವಾಪಸು ಬರುವವರೆಗೆ ಈ ಕೆಲಸ ಬಿಡುವಂತಿಲ್ಲ.

ಹಾಗಾಗಿ ಎರಡೂ ಹೊಟ್ಟೆಯ ಆಪರೇಷನ್ನೇ ಎಂಬ ಹೋಲಿಕೆ ನಿಲ್ಲುವುದಿಲ್ಲ. ಆಪರೇಷನ್ನಿನ ಹೆಸರಿಗಿಂತ, ಕತ್ತರಿ ಹಿಡಿಯುವ ಮೊದಲು ಹೊಟ್ಟೆಯೊಳಗೆ ಏನು, ಎಷ್ಟು ಹೊತ್ತು ಹರಿದಿತ್ತು ಎಂಬುದರ ಮೇಲೆ ರೋಗಿಯ ಹಣೆಬರಹ ನಿಂತಿದೆ. ಒಡೆಯದ ಅಪೆಂಡಿಕ್ಸ್ ತೆಗೆಸಿಕೊಂಡವರಲ್ಲಿ ಸಾವು ನೂರಕ್ಕೆ ಒಂದಕ್ಕಿಂತ ಬಹಳ ಕಡಿಮೆ. ಹುಣ್ಣು ತೂತಾದವರ ಲೆಕ್ಕ ಬೇರೆ. 1987ರಲ್ಲಿ ಹಾಂಗ್‌ಕಾಂಗಿನಲ್ಲಿ ಬೋಯ್ ಮತ್ತು ಸಂಗಡಿಗರು ಮೂರೇ ಪ್ರಶ್ನೆ ಕೇಳಿ ರೋಗಿಗಳನ್ನು ವಿಂಗಡಿಸಿದರು: ತೂತಾಗಿ 24 ಗಂಟೆ ದಾಟಿದೆಯೇ? ಆಪರೇಷನ್ನಿಗೆ ಮೊದಲೇ ರಕ್ತದೊತ್ತಡ ಕುಸಿದಿದೆಯೇ? ಬೇರೆ ದೊಡ್ಡ ಕಾಯಿಲೆ ಇದೆಯೇ? ಮೂರಕ್ಕೂ ಇಲ್ಲ ಎಂದವರಲ್ಲಿ ಯಾರೂ ಸಾಯಲಿಲ್ಲ. ಒಂದಕ್ಕೆ ಹೌದು ಎಂದವರಲ್ಲಿ ಹತ್ತಕ್ಕೆ ಒಬ್ಬರು, ಎರಡಕ್ಕೆ ಹೌದಾದರೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತರು, ಮೂರಕ್ಕೂ ಹೌದಾದವರಲ್ಲಿ ಯಾರೂ ಉಳಿಯಲಿಲ್ಲ. ಆ ಕಾಲಕ್ಕಿಂತ ಇಂದಿನ ಐಸಿಯು, ಆ್ಯಂಟಿಬಯೋಟಿಕ್ ಎಷ್ಟೋ ಮೇಲು, ಆ ಅಂಕಿಗಳು ಇಂದು ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ಮೂರು ಪ್ರಶ್ನೆಗಳು ಹಳೆಯದಾಗಿಲ್ಲ. ನಿಮ್ಮ ತಂದೆಗೆ ಗಂಟೆ 24 ದಾಟಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಅಂಥವರು 19 ದಿನದಲ್ಲಿ ನಡೆದುಕೊಂಡು ಮನೆಗೆ ಬಂದದ್ದನ್ನು ನಾನು ಒಳ್ಳೆಯ ಫಲಿತಾಂಶ ಎಂದೇ ಕರೆಯುತ್ತೇನೆ. ಹೊಲಿಗೆ ಬಿಚ್ಚಿದ್ದಕ್ಕೆ ಆಸ್ಪತ್ರೆಯವರ ಮೇಲೆ ಕೋಪ ಬೇಡ. ಅಷ್ಟು ಕೀವು ಹರಿದ ಹೊಟ್ಟೆ, ಮೇಲೆ ಏರಿದ ಸಕ್ಕರೆ, ಬೀಡಿಯ ಶ್ವಾಸಕೋಶದಿಂದ ಬರುವ ಕೆಮ್ಮು. ಕೆಮ್ಮಿದಾಗಲೆಲ್ಲ ಹೊಲಿಗೆಯ ಮೇಲೆ ಜಗ್ಗಾಟ. ಗಾಯ ಕೂಡಿಕೊಂಡಿದ್ದರೇ ನನಗೆ ಆಶ್ಚರ್ಯವಾಗುತ್ತಿತ್ತು.

ಮಲ್ಪೆಯ ಒಬ್ಬ ಮೀನುಗಾರ ನೆನಪಾಗುತ್ತಾನೆ. ಆಳಸಮುದ್ರದ ಬೋಟುಗಳು ವಾರ, ಹತ್ತು ದಿನ ಕಡಲಲ್ಲೇ ಇರುತ್ತವಷ್ಟೆ. ನಾಲ್ಕನೆಯ ದಿನ ಇವನಿಗೆ ನೋವು ಬಂತು. ಬೋಟು ತಿರುಗಿಸಿ ಬಂದರು ಸೇರುವ ಹೊತ್ತಿಗೆ ಒಂದೂವರೆ ದಿನ ಕಳೆದಿತ್ತು. ನಿಮ್ಮ ತಂದೆಯಷ್ಟೇ ತಡ, ಹೊಟ್ಟೆಯೊಳಗೂ ಅಷ್ಟೇ ಹೊಲಸು. ಆದರೆ ಅವನಿಗೆ 31 ವರ್ಷ, ಬೇರೆ ಕಾಯಿಲೆ ಇಲ್ಲ. ಒಂಬತ್ತನೆಯ ದಿನ ಮನೆಗೆ ಹೋದ. ವಯಸ್ಸು ಎಷ್ಟು ಸಾಲ ಕೊಡುತ್ತದೆ ನೋಡಿ.

ತಪ್ಪು ಯಾರದು ಎಂದು ಕೇಳಿದ್ದೀರಿ. ತಡವಾಯಿತು, ಅದರಿಂದ ಕಷ್ಟ ಹೆಚ್ಚಾಯಿತು; ಇದನ್ನು ನಾನು ಸಕ್ಕರೆ ಸವರಿ ಹೇಳಲಾರೆ. ಡೆನ್ಮಾರ್ಕಿನಲ್ಲಿ 2,600ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ, ಆಸ್ಪತ್ರೆಗೆ ಬಂದ ಮೇಲೆ ಆಪರೇಷನ್ ತಡವಾದ ಒಂದೊಂದು ಗಂಟೆಗೂ ಬದುಕುವ ಸಾಧ್ಯತೆ ಸರಾಸರಿ ಶೇಕಡ 2.4ರಷ್ಟು ಕುಗ್ಗುತ್ತದೆ ಎಂದು ಕಂಡುಬಂತು. ಆದರೆ ತಡ ಎಲ್ಲಿ ಆಗುತ್ತದೆ ಎಂಬುದು ಯೋಚಿಸಬೇಕಾದ ವಿಷಯ. ಉಡುಪಿ, ದಕ್ಷಿಣ ಕನ್ನಡ ಈ ನಮ್ಮ ಎರಡು ಜಿಲ್ಲೆಗಳಲ್ಲಿರುವಷ್ಟು ಆಸ್ಪತ್ರೆಗಳು ರಾಜ್ಯದ ಎಷ್ಟೋ ಕಡೆ ಇಲ್ಲ. ಮಂಗಳೂರಿನ ವೆನ್ಲಾಕ್ 1848ರಿಂದ ಇದೆ, ಮಣಿಪಾಲದ ವೈದ್ಯಕೀಯ ಕಾಲೇಜು 1953ರಿಂದ ಇದೆ, ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇದೆ. ಕಾರ್ಕಳದಿಂದ ಇವಕ್ಕೆ ಒಂದು, ಒಂದೂವರೆ ಗಂಟೆಯ ದಾರಿ. ನಮ್ಮವರು ದಾರಿಯಲ್ಲಿ ಸಾಯುವುದಿಲ್ಲ. ಚಾವಡಿಯಲ್ಲಿ ಕುಳಿತು ‘ಗ್ಯಾಸ್ ಇರಬೇಕು’ ಎನ್ನುತ್ತ ತಡ ಮಾಡುತ್ತಾರೆ. ಈ ‘ಗ್ಯಾಸ್’ ಎಂಬ ಪದದ ಮೇಲೆ ನನಗೆ ವೈಯಕ್ತಿಕ ದ್ವೇಷವೇ ಇದೆ. ತುಳುವಿನಲ್ಲಿ ‘ಬಂಜಿ ಬೇನೆ’ ಎಂದರೆ ಹೊಟ್ಟೆನೋವು ಎಂದಷ್ಟೇ ಅರ್ಥ, ಅದರಲ್ಲಿ ಕಾರಣದ ತೀರ್ಪು ಇಲ್ಲ. ‘ಗ್ಯಾಸ್’ ಎಂದ ಕೂಡಲೇ ತೀರ್ಪು ಬರೆದು ಮುಗಿಸಿದಂತೆ, ಮುಂದೆ ಯಾರೂ ಯೋಚಿಸುವುದಿಲ್ಲ.

ಕ್ಲಿನಿಕ್‌ನ ವೈದ್ಯರ ಬಗ್ಗೆ ಚೀಟಿ ನೋಡದೆ ನಾನು ತೀರ್ಪು ಕೊಡುವುದಿಲ್ಲ. ನೋವಿನ ಇಂಜೆಕ್ಷನ್ ಕೊಟ್ಟದ್ದೇ ಅಪರಾಧ ಎಂದು ಕೆಲವರು ಹೇಳುತ್ತಾರೆ, ನಾನು ವಿದ್ಯಾರ್ಥಿಯಾಗಿದ್ದಾಗ ನಮಗೂ ಹಾಗೆಯೇ ಕಲಿಸಿದ್ದರು. ನೋವು ತಗ್ಗಿಸಿದರೆ ರೋಗ ಮರೆಯಾಗುತ್ತದೆ ಎಂಬ ಆ ನಂಬಿಕೆಯನ್ನು ನಂತರದ ಪ್ರಯೋಗಗಳು ಸುಳ್ಳು ಮಾಡಿವೆ. ಸರಿಯಾಗಿ ಪರೀಕ್ಷಿಸುವವರಿಗೆ ನೋವಿನ ಔಷಧ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು, ಇಂಜೆಕ್ಷನ್ ಕೊಟ್ಟು ‘ಸರಿಯಾಗುತ್ತದೆ, ಹೋಗಿ’ ಎಂದು ಕಳುಹಿಸಿ ಮತ್ತೆ ಮುಟ್ಟಿ ನೋಡದೇ ಇರುವುದು.

ಬೇರೆಯವರತ್ತ ಬೆರಳು ತೋರಿಸುವ ಮೊದಲು ನನ್ನದೊಂದು ಹೇಳಬೇಕು. ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ರಾತ್ರಿ ಪಾಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಂದರು. ಎರಡು ದಿನದಿಂದ ವಾಂತಿ, ಹೊಟ್ಟೆ ಉಬ್ಬರ, ಮಲ ಹೋಗಿಲ್ಲ. ಹೊಟ್ಟೆ ಮುಟ್ಟಿದೆ, ಎಕ್ಸ್‌ರೇ ತೆಗೆಸಿದೆ, ಡ್ರಿಪ್ ಹಾಕಿಸಿದೆ, ‘ಬೆಳಿಗ್ಗೆ ನೋಡೋಣ’ ಎಂದು ಬರೆದೆ. ಬೆಳಿಗ್ಗೆ ಬಂದ ನಮ್ಮ ಪ್ರೊಫೆಸರ್ ಹೊಟ್ಟೆಗೆ ಕೈಯನ್ನೂ ಹಾಕಲಿಲ್ಲ. ನರ್ಸನ್ನು ಕರೆದು ಅಜ್ಜಿಯ ಸೀರೆಯ ನೆರಿಗೆ ಸಡಿಲಿಸಲು ಹೇಳಿದರು. ತೊಡೆಸಂದಿನಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಕೆಂಪು ಗಂಟು. ಕರುಳಿನ ಒಂದು ಕುಣಿಕೆ ಅಲ್ಲಿ ಸಿಕ್ಕಿಹಾಕಿಕೊಂಡು ರಕ್ತಸಂಚಾರ ನಿಂತಿತ್ತು. ಹರ್ನಿಯಾದಲ್ಲಿ ಇದೊಂದು ಜಾತಿ, ವಯಸ್ಸಾದ ಹೆಂಗಸರಲ್ಲೇ ಹೆಚ್ಚು, ಸಿಕ್ಕಿಕೊಳ್ಳುವುದೂ ಹೆಚ್ಚು. ಅಜ್ಜಿಗೆ ಹೇಳಿಕೊಳ್ಳಲು ನಾಚಿಕೆ, ನನಗೆ ನೋಡಲು ಸಂಕೋಚ. ಆ ಸಂಕೋಚದ ಬೆಲೆ ಒಂದು ಮೊಳ ಕರುಳು. ಕೊಳೆತದ್ದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಬೇಕಾಯಿತು. ಅಜ್ಜಿ ಉಳಿದರು, ಅದು ನನ್ನ ಪುಣ್ಯ. ಅಂದಿನಿಂದ ವಾಂತಿ, ಉಬ್ಬರ ಎಂದು ಯಾರೇ ಬರಲಿ, ತೊಡೆಸಂದು ನೋಡದೆ ನಾನು ಕೈ ತೊಳೆಯುವುದಿಲ್ಲ. ಮನೆಯಲ್ಲಿ ಅಜ್ಜಿ, ಅತ್ತೆ ಇದ್ದರೆ, ಅಲ್ಲೇನಾದರೂ ಗಂಟು ಕಂಡಿದೆಯೇ ಎಂದು ಹೆಂಗಸರೇ ಮೆಲ್ಲನೆ ಕೇಳಿಬಿಡಿ.

ಕರುಳು ಕಟ್ಟಿಕೊಳ್ಳುವುದಕ್ಕೆ ಹರ್ನಿಯಾ ಒಂದು ಕಾರಣ. ಹಿಂದಿನ ಆಪರೇಷನ್ನಿನಿಂದ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಇನ್ನೊಂದು. ಕ್ಷಯ, ಕರುಳಿನ ಕ್ಯಾನ್ಸರ್, ದೊಡ್ಡ ಕರುಳು ತಿರುಚಿಕೊಳ್ಳುವುದು ಕೂಡ ಇವೆ. ಬಿಟ್ಟು ಬಿಟ್ಟು ತಿರುಚುವ ನೋವು, ವಾಂತಿ, ಹೊಟ್ಟೆ ಉಬ್ಬುವುದು, ಹೂಸೂ ಹೋಗದಿರುವುದು: ಈ ನಾಲ್ಕು ಕೂಡಿದರೆ ಮನೆಯಲ್ಲಿ ಹರಳೆಣ್ಣೆ ಕುಡಿಸಬೇಡಿ, ಎನಿಮಾ ಕೊಡಬೇಡಿ, ಹೊಟ್ಟೆ ತಿಕ್ಕಿಸಬೇಡಿ. ಮುಚ್ಚಿದ ಪೈಪಿಗೆ ಹಿಂದಿನಿಂದ ಒತ್ತಡ ಹಾಕಿದರೆ ಏನಾಗುತ್ತದೆಂದು ಪ್ಲಂಬರ್ ಕೂಡ ಹೇಳಬಲ್ಲ.

ನೋವಿನ ರೀತಿಯೇ ಬಹಳಷ್ಟು ಹೇಳುತ್ತದೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿದವರು ಒಂದೆಡೆ ನಿಲ್ಲಲಾರರು, ಹಾಸಿಗೆಯಲ್ಲಿ ಹೊರಳುತ್ತಾರೆ, ಎದ್ದು ನಡೆದಾಡುತ್ತಾರೆ, ಗೋಡೆ ಹಿಡಿದು ಬಗ್ಗುತ್ತಾರೆ. ಉದರದ ಪೊರೆ ಕೆರಳಿದವರು ಮಿಸುಕುವುದಿಲ್ಲ. ಮೊಣಕಾಲು ಮಡಿಸಿ, ಉಸಿರನ್ನೂ ಮೇಲೆ ಮೇಲೆ ಎಳೆಯುತ್ತ ಕಲ್ಲಿನಂತೆ ಮಲಗಿರುತ್ತಾರೆ. ಮಂಚಕ್ಕೆ ಯಾರಾದರೂ ತಾಗಿದರೂ ಮುಖ ಹಿಂಡುತ್ತಾರೆ. ಹೊರಳಾಡುವವನ ಬಗ್ಗೆ ಮನೆಯವರು ಗಾಬರಿಯಾಗುತ್ತಾರೆ, ಸುಮ್ಮನೆ ಮಲಗಿದವನ ಬಗ್ಗೆ ನಾವು ಗಾಬರಿಯಾಗುತ್ತೇವೆ. ಅಪೆಂಡಿಕ್ಸ್ ಸಂಶಯದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ‘ಬರುವಾಗ ರಿಕ್ಷಾ ಹಂಪ್ ಹಾರಿದಾಗ ಹೇಗಾಯಿತು?’ ಎಂದು. ಇದು ತಮಾಷೆಯಲ್ಲ. 2012ರಲ್ಲಿ ಇಂಗ್ಲೆಂಡಿನ ವೈದ್ಯರು ಇದನ್ನೇ ಅಳೆದು ನೋಡಿದರು. ಅಪೆಂಡಿಸೈಟಿಸ್ ಖಚಿತವಾದ 34 ಜನರಲ್ಲಿ 33 ಜನರಿಗೆ ಹಂಪ್ ದಾಟುವಾಗ ನೋವು ಹೆಚ್ಚಾಗಿತ್ತು. ಹಂಪಿನಲ್ಲಿ ನೋವು ಹೆಚ್ಚಾದ ಮಾತ್ರಕ್ಕೆ ಅಪೆಂಡಿಕ್ಸ್ ಎನ್ನಲಾಗದು, ಆದರೆ ನಮ್ಮ ರಸ್ತೆಗಳಲ್ಲಿ ಅಷ್ಟೂ ಹಂಪ್ ಹಾರಿ ಬಂದು ‘ಏನೂ ಆಗಲಿಲ್ಲ’ ಎಂದವನಿಗೆ ಅದು ಇರುವ ಸಾಧ್ಯತೆ ತೀರಾ ಕಡಿಮೆ. ನೋವು ಮೊದಲು ಹೊಕ್ಕುಳ ಸುತ್ತ ಅಸ್ಪಷ್ಟವಾಗಿ ಶುರುವಾಗಿ, ಊಟ ಸೇರದೆ, ಕೆಲವು ಗಂಟೆಗಳ ಮೇಲೆ ಬಲ ಕಿಬ್ಬೊಟ್ಟೆಗೆ ಸರಿದು ನೆಲೆನಿಂತರೆ ಸಂಶಯ ಬಲವಾಗುತ್ತದೆ. ಈಗ ಆಪರೇಷನ್ ಇಲ್ಲದೆ ಆ್ಯಂಟಿಬಯೋಟಿಕ್‌ನಲ್ಲೇ ಕೆಲವರನ್ನು ಗುಣಪಡಿಸುವುದುಂಟು. 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಹಾಗೆ ಚಿಕಿತ್ಸೆ ಪಡೆದ ಹತ್ತರಲ್ಲಿ ಸುಮಾರು ಮೂವರಿಗೆ ಮೂರೇ ತಿಂಗಳಲ್ಲಿ ಆಪರೇಷನ್ ಬೇಕಾಯಿತು. ಮರಳಿ ಬರಲು ಹತ್ತಿರದಲ್ಲಿ ಆಸ್ಪತ್ರೆ ಇರುವವರಿಗೆ ಅದು ಸರಿ. ಆಳಸಮುದ್ರಕ್ಕೆ ಹೋಗುವವನಿಗೆ, ಗಲ್ಫಿಗೆ ವಿಮಾನ ಹತ್ತುವವನಿಗೆ ನಾನು ತೆಗೆಸಿಕೊಳ್ಳಿ ಎನ್ನುತ್ತೇನೆ.

ಎಲ್ಲ ಹೊಟ್ಟೆನೋವೂ ಚಾಕುವಿಗೆ ಸೇರಿದ್ದಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ನಮ್ಮ ಕರಾವಳಿಯ ಮಳೆಗಾಲ ಶಸ್ತ್ರವೈದ್ಯರನ್ನು ಮೋಸಗೊಳಿಸುವ ಕಾಲ. ಜೂನ್ ಬಂತೆಂದರೆ ಡೆಂಗಿ, ಮಲೇರಿಯಾ, ಇಲಿಜ್ವರ. ಡೆಂಗಿಯಲ್ಲಿ ಪಿತ್ತಕೋಶದ ಗೋಡೆ ನೀರು ತುಂಬಿ ದಪ್ಪವಾಗುತ್ತದೆ, ಬಲ ಪಕ್ಕೆಯ ಕೆಳಗೆ ಮುಟ್ಟಲು ಬಿಡದಷ್ಟು ನೋಯುತ್ತದೆ. ಸ್ಕ್ಯಾನ್ ವರದಿ ಮಾತ್ರ ಓದಿದವರಿಗೆ ಪಿತ್ತಕೋಶ ತೆಗೆಯಬೇಕಾದ ಕಾಯಿಲೆಯಂತೆಯೇ ಕಾಣುತ್ತದೆ. ಪ್ಲೇಟ್‌ಲೆಟ್ ಕುಸಿಯುತ್ತಿರುವ ರೋಗಿಗೆ ಕತ್ತರಿ ಹಾಕಿದರೆ ಗತಿಯೇನು? ಜ್ವರದ ದಿನ ಎಣಿಸದೆ, ರಕ್ತಪರೀಕ್ಷೆ ನೋಡದೆ ಮಳೆಗಾಲದಲ್ಲಿ ಪಿತ್ತಕೋಶ ಮುಟ್ಟಬಾರದು. ಮೇದೋಜ್ಜೀರಕ ಗ್ರಂಥಿಯ ಉರಿಯೂತವೂ ಹಾಗೆಯೇ. ಕುಡಿತದಿಂದಲೋ ಪಿತ್ತದ ಕಲ್ಲಿನಿಂದಲೋ ಬರುತ್ತದೆ, ಬೆನ್ನಿಗೆ ಹೊಡೆಯುವ ಭಯಂಕರ ನೋವು. ಆದರೆ ಮೊದಲ ವಾರಗಳಲ್ಲಿ ನಾವು ಹೊಟ್ಟೆ ತೆರೆಯುವುದಿಲ್ಲ, ದ್ರವ ಕೊಟ್ಟು ಕಾಯುತ್ತೇವೆ. ‘ಇಷ್ಟು ನೋವಿದ್ದರೂ ಆಪರೇಷನ್ ಏಕೆ ಮಾಡುವುದಿಲ್ಲ’ ಎಂದು ಬೈಸಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ. ಕುಡಿಯುವವರಲ್ಲಿ ಯಕೃತ್ತಿನೊಳಗೆ ಅಮೀಬಾದ ಕೀವು ಕಟ್ಟುವುದೂ ಇಲ್ಲಿ ಅಪರೂಪವಲ್ಲ, ಒಡೆಯದಿದ್ದರೆ ಔಷಧಿ, ಬೇಕಾದರೆ ಸ್ಕ್ಯಾನ್ ನೋಡಿಕೊಂಡು ಹಾಕುವ ಒಂದು ನಳಿಕೆ ಸಾಕು.

ಸಕ್ಕರೆ ಕಾಯಿಲೆಯವರಿಗೆ ಮೇಲ್ಹೊಟ್ಟೆ ನೋವು, ಬೆವರು, ವಾಕರಿಕೆ ಬಂದರೆ ಮೊದಲು ಇಸಿಜಿ ಆಗಬೇಕು. ಹೃದಯದ ಕೆಳಗೋಡೆಯ ಆಘಾತ ಹೊಟ್ಟೆನೋವಿನ ವೇಷದಲ್ಲಿ ಬರುತ್ತದೆ, ‘ಗ್ಯಾಸ್’ ಎಂಬ ಪದ ಅಲ್ಲೂ ಜೀವ ತೆಗೆದಿದೆ. ಮುಟ್ಟು ತಪ್ಪಿದ ಹೆಂಗಸಿಗೆ ದಿಢೀರ್ ಹೊಟ್ಟೆನೋವು, ತಲೆಸುತ್ತು ಬಂದರೆ ಗರ್ಭನಾಳದಲ್ಲಿ ನಿಂತ ಗರ್ಭ ಒಡೆದಿರಬಹುದು. ಅಲ್ಲಿ ಲೆಕ್ಕ ಗಂಟೆಯದಲ್ಲ, ನಿಮಿಷದ್ದು. ಇನ್ನು ಎದೆಬಡಿತ ಏರುಪೇರಾಗುವ ಕಾಯಿಲೆಯಿರುವ ವೃದ್ಧರು ನೋವೆಂದು ಕಿರುಚುತ್ತಿದ್ದು, ಹೊಟ್ಟೆ ಮಾತ್ರ ಹಿಟ್ಟಿನಂತೆ ಮೆತ್ತಗಿದ್ದರೆ, ಕರುಳಿನ ರಕ್ತನಾಳಕ್ಕೆ ಹೆಪ್ಪು ಸಿಕ್ಕಿದೆ ಎಂದು ಹೆದರಬೇಕು. ಅರ್ಧಕ್ಕಿಂತ ಹೆಚ್ಚು ಜನ ಅದರಿಂದ ಬದುಕುವುದಿಲ್ಲ. ನಾಟಕ ಮಾಡುತ್ತಾರೆ ಎಂದು ಮನೆಯವರು ಕಡೆಗಣಿಸುವುದೂ ಇಂಥವರನ್ನೇ.

ನಮ್ಮೂರಿನದೇ ಒಂದು ವಿಶೇಷವೂ ಇದೆ, ಮೀನಿನ ಮುಳ್ಳು. ನುಂಗಿದ ಮುಳ್ಳು ಬಹುಪಾಲು ತಾನಾಗಿಯೇ ಹೊರಹೋಗುತ್ತದೆ. ಎಲ್ಲೋ ಒಬ್ಬರಿಗೆ ಸಣ್ಣ ಕರುಳಿನ ಕೊನೆಯಲ್ಲಿ ಚುಚ್ಚಿ ಹೊರಬರುತ್ತದೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣದು, ಸಿಟಿ ಸ್ಕ್ಯಾನಿನಲ್ಲಿ ಸೂಜಿಯಂಥ ಬಿಳಿ ಗೆರೆಯಾಗಿ ಕಾಣುತ್ತದೆ. ಅಪೆಂಡಿಕ್ಸ್ ಎಂದುಕೊಂಡು ಹೊಟ್ಟೆ ತೆರೆದು ಮುಳ್ಳನ್ನು ಇಕ್ಕಳದಲ್ಲಿ ಎತ್ತಿದ್ದೇನೆ. ‘ಮುಳ್ಳು ನುಂಗಿದ್ದಿರಾ?’ ಎಂದರೆ ‘ಇಲ್ಲ ಡಾಕ್ಟ್ರೇ’ ಎಂದೇ ಉತ್ತರ, ಯಾರಿಗೂ ನೆನಪಿರುವುದಿಲ್ಲ. ಇದನ್ನು ಓದಿ ಯಾರೂ ಬಂಗುಡೆ ಬಿಡಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ನಿಮಗೆ ಸಿಟ್ಟು ಬಂದಿರಬಹುದಾದ ಇನ್ನೊಂದು ಸಂಗತಿ, ತುರ್ತು ಎಂದವರೇ ಎರಡು ಮೂರು ಗಂಟೆ ಥಿಯೇಟರಿಗೆ ಒಯ್ಯದೆ ಡ್ರಿಪ್ ಹಾಕುತ್ತ ಕೂರುವುದು. ಉದರದೊಳಗೆ ಲೀಟರುಗಟ್ಟಲೆ ನೀರು ಒಸರಿ ರಕ್ತನಾಳಗಳು ಬತ್ತಿರುತ್ತವೆ. ಆ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ನೆಲಕಚ್ಚುತ್ತದೆ. ಮೂಗಿನಿಂದ ನಳಿಕೆ ಇಳಿಸಿ ಜಠರ ಬರಿದು ಮಾಡಿ, ದ್ರವ ತುಂಬಿ, ಆ್ಯಂಟಿಬಯೋಟಿಕ್ ಕೊಟ್ಟು, ಮೂತ್ರದ ಚೀಲದಲ್ಲಿ ಹನಿ ಕಾಣಿಸಿಕೊಂಡ ಮೇಲೆ ಒಳಗೆ ಒಯ್ಯುವುದು ಜಾಣತನ. ನಿಂತು ತೆಗೆಸಿದ ಎದೆಯ ಎಕ್ಸ್‌ರೇಯಲ್ಲಿ ಬಲ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆಯ) ಕೆಳಗೆ ಬಿದಿಗೆಯ ಚಂದ್ರನಂತೆ ಕಾಣುವ ಕಪ್ಪು ಗೆರೆ ತೂತಿನ ಸಾಕ್ಷಿ. ಆದರೆ ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ಆ ಚಂದ್ರ ಮೂಡುವುದಿಲ್ಲ, ಅಂಥಲ್ಲಿ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಖರ್ಚಿನ ಭಯದಿಂದ ತಡ ಮಾಡುವವರಿಗೊಂದು ಮಾತು: ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು 108ಕ್ಕೆ ಕರೆ ಮಾಡಿ.

ಈಗ ಮುಂದಿನ ಮಾತು. ಹುಣ್ಣು ಖಾರದಿಂದ, ಕೋರಿ ಗಸಿ ಎಂಬ ನಮ್ಮ ಕೋಳಿಸಾರಿನಿಂದ ಬರುತ್ತದೆಂದು ನಮ್ಮಲ್ಲಿ ಬಲವಾದ ನಂಬಿಕೆ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ವಾರೆನ್ ಮತ್ತು ಮಾರ್ಷಲ್ ಎಂಬ ವೈದ್ಯರು ಜಠರದಲ್ಲಿ ಬದುಕುವ ಹೆಲಿಕೋಬ್ಯಾಕ್ಟರ್ ಎಂಬ ಸುರುಳಿ ರೋಗಾಣುವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ ಆ ರೋಗಾಣುವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಮುಖ್ಯ ಕಾರಣ ಈ ರೋಗಾಣು ಮತ್ತು ನೋವಿನ ಮಾತ್ರೆ. ಬೀಡಿ ಹುಣ್ಣನ್ನು ಮಾಯಲು ಬಿಡುವುದಿಲ್ಲ. ನಿಮ್ಮ ತಂದೆಗೆ ಕೊನೆಯ ಎರಡು ಇದ್ದವು, ಮೊದಲನೆಯದು ಇತ್ತೇ ಎಂದು ಪರೀಕ್ಷಿಸಿಯೇ ತಿಳಿಯಬೇಕು. ಆಪರೇಷನ್ ಆಗಿ ಆರು ವಾರ ಕಳೆದ ಮೇಲೆ ಎಂಡೋಸ್ಕೋಪಿ ಮಾಡಿಸಿ, ತೂತು ಜಠರದ್ದೇ ಆಗಿದ್ದರೆ ತುಣುಕು ತೆಗೆದು ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ರೋಗಾಣು ಪರೀಕ್ಷೆಗೆ ಮೊದಲು ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ ನಿಲ್ಲಿಸಬೇಕು, ಆ್ಯಂಟಿಬಯೋಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು, ಇಲ್ಲದಿದ್ದರೆ ಇದ್ದರೂ ಇಲ್ಲ ಎಂದು ವರದಿ ಬರುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಯಾವ ದಿನದಿಂದ ಎಂದು ನಿಮ್ಮ ವೈದ್ಯರನ್ನು ಕೇಳಿ. ರೋಗಾಣು ಸಿಕ್ಕರೆ ಎರಡು ವಾರದ ಔಷಧಿ. ಅದನ್ನು ಪೂರ್ತಿ ಮುಗಿಸಿದವರಲ್ಲಿ ಹುಣ್ಣು ಮರಳುವುದು ವಿರಳ.

ಮಂಡಿನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಇನ್ನು ಮುಟ್ಟಬಾರದು. ಅಂಗಡಿಯವನು ಬೇರೆ ಹೆಸರಿನಲ್ಲಿ ಅದನ್ನೇ ಕೊಡಬಹುದು, ಹಾಗಾಗಿ ಪಟ್ಟಿಯ ಹಿಂಬದಿ ಓದಿ. ಪ್ಯಾರಾಸಿಟಮಾಲ್ ಅಳತೆಯಲ್ಲಿ ಆಗಬಹುದು. ಬೀಡಿಯ ಬಗ್ಗೆ ಮಗನಾಗಿ ನೀವು ಹೇಳಿದರೆ ಕೇಳಲಾರರು, ಐಸಿಯುವಿನ ಆರು ದಿನವನ್ನು ಅವರಿಗೇ ವರ್ಣಿಸಲು ಬಿಡಿ. ಮೂರು ತಿಂಗಳು ನೀರಿನ ಕೊಡ, ಗೊಬ್ಬರದ ಬುಟ್ಟಿ, ತೆಂಗಿನಕಾಯಿ ಮೂಟೆ ಎತ್ತಬಾರದು. ಕೀವಾಗಿ ಮಾಸಿದ ಗಾಯ ತೆಳುವಾಗಿರುತ್ತದೆ, ಮುಂದೆ ಅಲ್ಲಿ ಹರ್ನಿಯಾ ಉಬ್ಬುವ ಸಾಧ್ಯತೆ ಅವರಿಗೆ ಹೆಚ್ಚು. ಕೆಮ್ಮುವಾಗ ಅಂಗೈಯಿಂದ ಅಥವಾ ದಿಂಬಿನಿಂದ ಗಾಯವನ್ನ ಒತ್ತಿ ಹಿಡಿಯಲಿ. ವರ್ಷಗಳ ಮೇಲೆ ಯಾವಾಗಲಾದರೂ ತಿರುಚುವ ನೋವು, ವಾಂತಿ, ಉಬ್ಬರ ಬಂದರೆ ಕರುಳು ಅಂಟಿ ಕಟ್ಟಿಕೊಂಡಿರಬಹುದು. ಆಗ ಓಮದ ಕಷಾಯ ಕುದಿಸುತ್ತ ಕೂರದೆ ಹಳೆಯ ಡಿಸ್ಚಾರ್ಜ್ ಚೀಟಿಯೊಂದಿಗೆ ಹೊರಡಿ.

ಊಟದ ಪಥ್ಯ ಬರೆಯಿರಿ ಎಂದು ನೀವು ಕೇಳಲಿಲ್ಲ, ಆದರೆ ಅಮ್ಮ ಕೇಳಿಯೇ ಕೇಳುತ್ತಾರೆ. ಸಕ್ಕರೆಯ ಪಥ್ಯವೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಬೇಡ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಬಾರಿ ಕೊಡಲಿ. ಮೀನು ಆಗಬಹುದು, ಮುಳ್ಳು ಬಿಡಿಸಿ. ಗಂಜಿಯನ್ನೂ ಕೊಡಲಿ, ಚಟ್ನಿಯ ಜೊತೆಗೇ.